ಗೆದ್ದವರಿಲ್ಲದ ವರ್ಷ

“ಇದು ಫುಟ್‌ಬಾಲ್ ಅಲ್ಲ,” ಎಂದಳು ನಲಿನಿ.

ಎಎಸ್‌ಐ ಓಂಪ್ರಕಾಶ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ. ಮೇಜಿನ ಮೇಲೆ ಮಲಗಿದ್ದ ಶೀಲ್ಡನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ.

“ಅಲ್ಲರಿ ಮೇಡಂ, ಬಾಸ್ಕೆಟ್‌ಬಾಲಿನ ಶೀಲ್ಡ್ ಅದ ಇದು. ಇದರ ಮ್ಯಾಲ ಫುಟ್‌ಬಾಲ್ ಯಾಕ ಇರ್ತದರಿ?”

“ಅದೇ ನನ್ನ ತಕರಾರ. ಇರಬೇಕಾಗಿತ್ತು, ಇಲ್ಲ.”

ಓಂಪ್ರಕಾಶನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ನಕ್ಕು ಮುಗಿಸುವುದು ಅವನು ನೌಕರಿಯಲ್ಲಿ ಕಲಿತ ಒಂದೇ ವಿದ್ಯೆ. ನಕ್ಕ. ನಲಿನಿ ನಗಲಿಲ್ಲ. ಔರಾದ ದಾಟಿ ಗಡಿಯ ಕಡೆ ಹೋಗುವ ರಸ್ತೆಯ ಈ ಚೌಕಿಗೆ ಕಾಲಿಟ್ಟಾಗಿನಿಂದ ಇಲ್ಲಿಯ ಪ್ರತಿಯೊಂದನ್ನು ಕಂಡರೂ ಅವಳಿಗೆ ತಾತ್ಸಾರವೇ ಹುಟ್ಟುತ್ತಿತ್ತು. ಜಪ್ತಿ ಮಾಡಿ ತಂದ ಮೋಟರ್ ಸೈಕಲ್ಲುಗಳ ಮೇಲೆ ಪೊಲೀಸರ ಬನಿಯನ್ನುಗಳು ಒಣಗುತ್ತಿದ್ದವು. ಒಳಗೆ ತಿರುಗದ ಫ್ಯಾನಿನ ಕೆಳಗೆ ಕಾನೂನು ಬೆವರುತ್ತ ಕುಳಿತಿತ್ತು.

ಕಳೆದ ವಾರ ಬೀದರಿನ ಬಿದ್ರಿ ಉಸ್ತಾದ ಬದ್ರೋದ್ದೀನನ ಕಾರ್ಖಾನೆಯಿಂದ ಮಾಯವಾಗಿದ್ದ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಲೀಗಿನ ಚಾಂಪಿಯನ್ ಶೀಲ್ಡು, ನಿನ್ನೆ ಈ ರಸ್ತೆಯ ಸೇತುವೆಯ ಕೆಳಗೆ ಸಿಕ್ಕಿತ್ತು. ಕಾರ್ಖಾನೆಯ ಕೀಲಿಕೈ ಇದ್ದದ್ದು ಉಸ್ತಾದನ ಮಗ ಇಮ್ರಾನನ ಹತ್ತಿರ, ಆದ್ದರಿಂದ ಕಳ್ಳ ಇಮ್ರಾನನೇ ಎಂದು ಪೊಲೀಸರು ತೀರ್ಮಾನಿಸಿ ಕೈತೊಳೆದುಕೊಂಡಿದ್ದರು. ಮಾಲು ಸಿಕ್ಕ ಜಾಗ ತೋರಿಸಲು ಅವನನ್ನೂ ಇಲ್ಲಿಗೇ ತಂದು ಕೂಡಿಸಿದ್ದರು. ಅರೆಸ್ಟು ಇನ್ನೂ ಕಾಗದದ ಮೇಲೆ ಬಂದಿರಲಿಲ್ಲ. ನಾಳೆ ಬೆಳಿಗ್ಗೆ ಬರೆದು, ಮಧ್ಯಾಹ್ನ ಕೋರ್ಟಿಗೆ ಒಯ್ಯುವುದಿತ್ತು. ಅವನ ತಾಯಿ ಅನ್ವರಿ ಬೇಗಂ ನೌಬಾದದಲ್ಲಿ ವಕೀಲೆ ನಲಿನಿಯ ಮನೆಯ ಹೊಸ್ತಿಲ ಮೇಲೆ ಕೂತು, ಮಗನನ್ನು ಜೈಲಿಗೆ ಹೋಗಲು ಬಿಡಬೇಡಿ ಎಂದು ದುಪಟ್ಟಾ ಒಡ್ಡಿ ಬೇಡಿದ್ದಳು.

ಶೀಲ್ಡಿನ ಕಥೆ ಬೀದರಿನಲ್ಲಿ ಬಹಳ ಜನರಿಗೆ ಗೊತ್ತು. ಲೀಗು ಶುರುವಾದ ವರ್ಷ ಇದನ್ನು ಮಾಡಿಕೊಟ್ಟವನು ಬದ್ರೋದ್ದೀನ. ಪ್ರತಿ ವರ್ಷ ಫೈನಲ್ ಮುಗಿದ ಮೇಲೆ ಶೀಲ್ಡು ಅವನ ಹತ್ತಿರವೇ ವಾಪಸ್ಸು ಬರುತ್ತದೆ. ಗೆದ್ದ ತಂಡದ ಹೆಸರನ್ನು ಆತ ಬೆಳ್ಳಿತಂತಿಯಲ್ಲಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿ, ಎಣ್ಣೆ ತಿಕ್ಕಿ ಕಳಿಸುತ್ತಾನೆ. ಸುತ್ತಲೂ ಚಾಂಪಿಯನ್ನರ ಹೆಸರು, ನಡುವೆ ಒಂದು ಚೆಂಡು.

ಆ ಚೆಂಡೇ ಈಗ ನಲಿನಿಯ ತಲೆ ಕೊರೆಯುತ್ತಿತ್ತು.

ಕಾಲೇಜಿನಲ್ಲಿದ್ದಾಗ ಅವಳು ಈ ಶೀಲ್ಡನ್ನು ಎತ್ತಿ ಹಿಡಿದಿದ್ದಳು. ಗೆದ್ದಲ್ಲ. ಲೀಗಿನ ಪದಾಧಿಕಾರಿಗಳು ಬೀದರಿಗೆ ಬಂದಾಗ ವೇದಿಕೆಯ ಮೇಲೆ ನಿಲ್ಲಿಸಲು ಆಟವಾಡುವ ಹುಡುಗಿಯರು ಬೇಕಾಗಿದ್ದರು. ಕೈಗೆ ಬಂದ ಶೀಲ್ಡಿನ ನಡುವೆ ಐದು ಮೂಲೆ, ಆರು ಮೂಲೆಯ ತುಂಡುಗಳನ್ನು ಹೊಲಿದಂಥ ಚೆಂಡೊಂದು ಬೆಳ್ಳಗೆ ಹೊಳೆಯುತ್ತಿತ್ತು. “ಸರ್, ಇದು ಫುಟ್‌ಬಾಲ್,” ಎಂದಿದ್ದಳು. “ಚೆಂಡು ಚೆಂಡೇ ಇರ್ತದಮ್ಮ. ಸುಮ್ನ ನಗು, ಫೋಟೋ ತಗೀಲಾಕತ್ತಾರ,” ಎಂದಿದ್ದರು ಆಗಿನ ಕಾರ್ಯದರ್ಶಿಗಳು.

ಅಂದಿನಿಂದ ಇಂದಿನವರೆಗೆ ದೇಶದ ಚಾಂಪಿಯನ್ನರೆಲ್ಲ ಸಾಲುಸಾಲಾಗಿ ಒಂದು ಫುಟ್‌ಬಾಲಿಗೆ ಮುತ್ತಿಟ್ಟು ಆನಂದಬಾಷ್ಪ ಸುರಿಸಿದ್ದರು. ಅಷ್ಟು ಎತ್ತರದ ಮನುಷ್ಯರಲ್ಲಿ ಒಬ್ಬನಿಗೂ ಕಣ್ಣಿರಲಿಲ್ಲ. ಪದಾಧಿಕಾರಿಗಳಿಗಂತೂ ಶೀಲ್ಡಿಗಿಂತ ಅದರ ಪಕ್ಕದಲ್ಲಿ ನಿಲ್ಲುವ ಜಾಗ ಮುಖ್ಯ.

ಆದರೆ ಈ ಮೇಜಿನ ಮೇಲಿದ್ದ ಶೀಲ್ಡಿನಲ್ಲಿ ಇದ್ದದ್ದು ಚೊಕ್ಕ ಬಾಸ್ಕೆಟ್‌ಬಾಲು. ಉದ್ದ ಒಂದು ಗೆರೆ, ಅಡ್ಡ ಒಂದು ಗೆರೆ, ಎರಡೂ ಬದಿಗೆ ಬಾಗಿದ ಒಂದೊಂದು ಗೆರೆ.

“ಓಂಪ್ರಕಾಶ್, ಇದು ನಕಲಿ. ಅಸಲಿ ಬ್ಯಾರೆ ಎಲ್ಲೋ ಅದ.”

“ನಕಲಿ ಅಂತ ಹ್ಯಾಂಗ ಹೇಳ್ತೀರಿ?”

“ಅಸಲಿ ಮ್ಯಾಲ ತಪ್ಪಿತ್ತು. ಇದರ ಮ್ಯಾಲ ತಪ್ಪಿಲ್ಲ.”

“ಅಂದ್ರ ಇದೇ ಚಲೋ ಅದಲ್ಲರಿ!”

ಇಂಥ ತಲೆಗೆ ಟೊಪ್ಪಿಗೆ ಕೊಟ್ಟ ಇಲಾಖೆಯನ್ನು ಮನಸ್ಸಿನಲ್ಲೇ ಶಪಿಸುತ್ತ ನಲಿನಿ ಫೋನು ತೆಗೆದು, ಹಳೆಯ ಫೋಟೋಗಳನ್ನು ಹುಡುಕಿದಳು. ಪ್ರತಿ ವರ್ಷದ ಫೋಟೋ ಇತ್ತು, ಪ್ರತಿ ಫೋಟೋದಲ್ಲೂ ಶೀಲ್ಡಿಗೆ ಬಲಿಯ ಕುರಿಮರಿಯ ಹಾಗೆ ಚೆಂಡುಹೂವಿನ ಹಾರ ಹಾಕಿದ್ದರು. ಹಾರದ ಮೇಲೆ ಶಾಲು, ಶಾಲಿನ ಮೇಲೆ ಪದಾಧಿಕಾರಿಗಳ ಕೈ. ಚೆಂಡೂ ಕಾಣುತ್ತಿರಲಿಲ್ಲ, ಹೆಸರುಗಳೂ ಕಾಣುತ್ತಿರಲಿಲ್ಲ.

ಬಾಗಿಲ ಬಳಿ ಕಾನ್ಸ್‌ಟೇಬಲ್ ಲಾಲ ಅಹ್ಮದ ಪಂಚನಾಮೆ ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದ. “ಎರಡು ಸಾವಿರದ ಹತ್ತು, ಭಿಲಾಯಿ. ಹನ್ನೊಂದು, ಕೊಟ್ಟಾಯಂ. ಹನ್ನೆರಡು, ಮಾಂಜ್ರಾ ಬಹಾದ್ದೂರ್, ಭಾಲ್ಕಿ. ಹದಿಮೂರು, ಜಲಂಧರ್…”

ಲೀಗಿನ ಹಳೆಯ ದಫ್ತರ ಕಚೇರಿ ಬದಲಾಯಿಸುವಾಗ ಎಲ್ಲಿಯೋ ಕಳೆದುಹೋಗಿತ್ತು. ಹೆಸರಿನಲ್ಲಿ ರಾಷ್ಟ್ರ ಇದ್ದರೂ ಈ ಲೀಗನ್ನು ನೋಡುತ್ತಿದ್ದವರು ಆಟಗಾರರ ಹೆಂಡತಿ ಮಕ್ಕಳು ಮಾತ್ರ. ಯಾವ ವರ್ಷ ಯಾರು ಗೆದ್ದರೆಂದು ಹೇಳಲು ಈ ಶೀಲ್ಡಲ್ಲದೆ ಬೇರೆ ಸಾಕ್ಷಿ ಇರಲಿಲ್ಲ. ಈಗ ನಕಲಿಯ ಮೇಲಿದ್ದದ್ದು ಪೊಲೀಸರ ಮೊಹರಿನ ಸಮೇತ ಇತಿಹಾಸವಾಗುತ್ತಿತ್ತು.

“ಯಾರಿಗ ಸಿಕ್ತು ಇದು?”

“ಭಾಲ್ಕಿ ರಾವಸಾಹೇಬ್ರ ಮಂದಿಗಿರಿ. ದತ್ತಾತ್ರೇಯರಾವ ಮೂಲಗೆ ಇಲ್ಲೇನ್ರಿ, ಮಾಂಜ್ರಾ ಟೀಮಿನ ಮಾಲಕ್ರು? ಹುಡುಕಿ ಕೊಟ್ಟವರಿಗಿ ಇನಾಮ ಇಟ್ಟಿದ್ರು. ಅವರ ಮಂದಿಗೇ ಸಿಕ್ತು ನೋಡ್ರಿ.”

“ಇನಾಮ ಮನ್ಯಾಗೇ ಉಳೀತು,” ಎಂದಳು ನಲಿನಿ.

ಒಳಗಿನ ಕೋಣೆಯಲ್ಲಿ ಇಮ್ರಾನ ಬೆಂಚಿನ ಮೇಲೆ ಕೂತಿದ್ದ. ಅವನ ಉದ್ದನೆಯ ಕಾಲುಗಳಿಗೆ ಆ ಬೆಂಚು ಸಾಲುತ್ತಿರಲಿಲ್ಲ. ಶೀಲ್ಡು ನಕಲಿ ಎಂದು ಅವಳು ಹೇಳಿದ ಕೂಡಲೆ ಅವನ ಮುಖದ ಬಣ್ಣ ಇಳಿಯಿತು.

“ಸುಮ್ನಿರ್ರಿ ಮೇಡಂ. ನಿಮ್ಮ ಕೈ ಮುಗೀತೇನಿ.”

“ಯಾಕ? ನಕಲಿ ಅಂದ್ರ ನಿನಗೇ ಚಲೋ. ಅಸಲಿ ಸಿಕ್ಕಿಲ್ಲ, ನೀ ಕದ್ದಿಲ್ಲ.”

“ನಾಳಿಗಿ ಬಿಡ್ತಾರಿ ನನ್ನ. ಬಿಡ್ತೇವಿ ಅಂತ ಹೇಳ್ಯಾರಿ.”

“ಯಾರು ಹೇಳ್ಯಾರ?”

ಇಮ್ರಾನ ಗೋಡೆ ನೋಡಿದ. ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಹುಲಿಯಂಥ ಆಳು ಹೀಗೆ ಹೆದರಿ ಮುದುಡಿದ್ದು ನೋಡಿ ನಲಿನಿಗೆ ಅವನ ಮೇಲೂ ಅಸಹ್ಯವಾಯಿತು. ಇಂಥವನಿಗಾಗಿ ಅಲ್ಲ, ಅವನ ತಾಯಿಗಾಗಿ ಮಾಡುತ್ತಿದ್ದೇನೆ ಎಂದುಕೊಂಡು ಕಾರು ಹತ್ತಿದಳು.

ಭಾಲ್ಕಿಯ ಬಸ್ ಸ್ಟ್ಯಾಂಡಿನ ಎದುರು ಎರಡು ಮಾಳಿಗೆ ಎತ್ತರದ ಬ್ಯಾನರು ನಿಂತಿತ್ತು. “೨೦೧೨ರ ರಾಷ್ಟ್ರೀಯ ಚಾಂಪಿಯನ್, ಬರಲಿರುವ ರಾಷ್ಟ್ರೀಯ ಅಧ್ಯಕ್ಷ.” ಬ್ಯಾನರಿನಲ್ಲಿ ದತ್ತಾತ್ರೇಯರಾವ ಮೂಲಗೆ ಬಾಸ್ಕೆಟ್‌ಬಾಲನ್ನು ಕಲ್ಲಂಗಡಿ ಹಣ್ಣಿನ ಹಾಗೆ ಬಗಲಲ್ಲಿ ಅವುಚಿಕೊಂಡಿದ್ದ. ಲೀಗಿನ ಕಾಯಿದೆಯಂತೆ ಅಧ್ಯಕ್ಷಗಿರಿಗೆ ನಿಲ್ಲಲು ಒಮ್ಮೆಯಾದರೂ ಚಾಂಪಿಯನ್ ಆದ ತಂಡದ ಮಾಲೀಕನಾಗಿರಬೇಕು. ಚುನಾವಣೆ ಮುಂದಿನ ವಾರ.

ಆ ತಂಡದಲ್ಲಿ ಐದು ಮಂದಿ ಪಂಜಾಬಿನವರು, ನಾಲ್ಕು ಮಂದಿ ಕೇರಳದವರು ಆಡಿದ್ದರು. ಭಾಲ್ಕಿಯವನು ಎಂದರೆ ನೀರಿನ ಬಾಟಲಿ ಹೊರುವವನೊಬ್ಬನೇ. ಆದರೂ ಫೈನಲಿನಿಂದ ಬಂದ ದಿನ ಡಿಜೆ ಹಚ್ಚಿ, ಟ್ರ್ಯಾಕ್ಟರಿನ ಮೇಲೆ ಸಿಂಹಾಸನ ಇಟ್ಟು, ರಾವಸಾಹೇಬನನ್ನು ಊರ ತುಂಬ ಮೆರೆಸಿದ್ದರು. ಆಟ ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ಮೆರವಣಿಗೆ ನೋಡದವರೂ ಇರಲಿಲ್ಲ.

“ಬರ್ರಿ ಬರ್ರಿ ಮೇಡಂ,” ಎಂದು ರಾವಸಾಹೇಬ ಸೋಫಾದಿಂದ ಅರ್ಧ ಎದ್ದು ಮತ್ತೆ ಕೂತ. ಅಷ್ಟೇ ಗೌರವ ಅವಳ ಪಾಲಿಗೆ. “ಚಹಾ ತಗೋರಿ. ಶೀಲ್ಡ್ ಸಿಕ್ತು, ನಮ್ಮ ಇಜ್ಜತ್ ಉಳೀತು. ನಮ್ಮ ಹುಡುಗರು ಹಗಲಾ ರಾತ್ರಿ ಹುಡಕ್ಯಾರ್ರಿ.”

“ಬರೋಬರಿ ಅದೇ ಸೇತುವಿ ಕೆಳಗ ನೋಡಬೇಕಂತ ಅವರಿಗಿ ಹ್ಯಾಂಗ ಹೊಳೀತ್ರಿ?”

“ದೇವರು ತೋರಸ್ದ.”

“ದೇವರು ಯಾವ ಗಾಡಿ ಮ್ಯಾಲ ಬಂದಿದ್ದ?”

ರಾವಸಾಹೇಬ ದೊಡ್ಡದಾಗಿ ನಕ್ಕ. ಹೆಣ್ಣುಮಗಳ ಕುಹಕಕ್ಕೆ ಸಿಟ್ಟಾಗುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ನಂಬಿದ್ದ ಮನುಷ್ಯ ಆತ.

“ಹೋಗ್ಲಿ ಬಿಡ್ರಿ. ಆ ಹನ್ನೆರಡನೇ ಇಸ್ವಿ ಫೈನಲ್ ಹ್ಯಾಂಗಾತು ಹೇಳ್ರಿ. ನಾನೂ ಒಂದು ಕಾಲಕ್ಕ ಆಡೀನಿ.”

ರಾವಸಾಹೇಬನ ಕಣ್ಣು ಅರಳಿತು. ಯಾರೂ ಕೇಳದೆ ಎಷ್ಟೋ ವರ್ಷವಾಗಿತ್ತೆಂದು ಕಾಣುತ್ತದೆ.

“ಏನು ಆಟ್ರಿ ಅದು! ಇಂದೋರದವರು ಎದುರು. ಟೈಟ್ ಆಟ. ಅವರದೊಂದು, ನಮ್ಮದೊಂದು. ಕೊನೀಗಿ ಎರಡೂ ಸಮಸಮ ನಿಂತ್ವು. ಆವಾಗ ಟಾಸ್ ಹಾಕಿದ್ರು. ನಾ ಛಾಪ ಅಂದೆ. ಛಾಪನೇ ಬಿತ್ತು!”

ನಲಿನಿ ಚಹಾದ ಕಪ್ಪನ್ನು ಕೆಳಗಿಟ್ಟಳು.

“ಟಾಸ್?”

“ಹಂ, ಟಾಸ್.”

“ರಾವಸಾಹೇಬ್ರ, ಬಾಸ್ಕೆಟ್‌ಬಾಲಿನಾಗ ಸಮ ಆದ್ರ ಇನ್ನೂ ಐದು ಮಿನಿಟ ಆಡಸ್ತಾರ. ಮತ್ತ ಸಮ ಆದ್ರ ಮತ್ತೈದು. ಒಬ್ಬರು ಗೆಲ್ಲೂತನ ಆಡಸ್ತಾರ. ಟಾಸ್ ಹಾಕಿ ಚಾಂಪಿಯನ್ ಮಾಡಾಕ ಅದೇನು ಗ್ರಾಮ ಪಂಚಾಯ್ತಿ ಚುನಾವಣಿ ಏನ್ರಿ?”

ಬಾಗಿಲಲ್ಲಿ ನಿಂತಿದ್ದ ಇಬ್ಬರು ಹಿಂಬಾಲಕರಲ್ಲಿ ಒಬ್ಬ ಕಿಸಕ್ಕೆಂದ. ರಾವಸಾಹೇಬ ತಿರುಗಿ ನೋಡಿದ. ಕಿಸಕ್ಕೆಂದವನ ನಗು ಗಂಟಲಲ್ಲೇ ಉಳಿಯಿತು.

ಅಲ್ಲಿಗೆ ನಲಿನಿ ಏಳಬಹುದಿತ್ತು. ಏಳಬೇಕಿತ್ತು. ಆದರೆ ಈ ಪೊಳ್ಳು ಮನುಷ್ಯ, ಬಾಸ್ಕೆಟ್‌ಬಾಲಿಗೆ ಗಾಳಿ ಹಾಕುವ ತೂತು ಎಲ್ಲಿದೆ ಎಂದೂ ಗೊತ್ತಿಲ್ಲದವ, ದೇಶದ ಲೀಗಿನ ಅಧ್ಯಕ್ಷನಾಗುತ್ತಾನೆ ಎಂಬುದು ಅವಳ ಹೊಟ್ಟೆ ಉರಿಸಿತು. ನಾಲಿಗೆ ತಡೆಯಲಿಲ್ಲ.

“ನಿಮಗ ಆಟ ಗೊತ್ತಿಲ್ಲ, ಅಡ್ಡಿ ಇಲ್ಲ. ಆದರ ನಕಲಿ ಮಾಡಸೂವಾಗರೆ ಜರಾ ನೋಡಿ ಮಾಡಸಬೇಕಿತ್ತು. ಅಸಲಿ ಶೀಲ್ಡಿನ ಮ್ಯಾಲ ಇರೂದು ಫುಟ್‌ಬಾಲ್. ನಿಮ್ಮ ಸೇತುವಿ ಕೆಳಗ ಸಿಕ್ಕದ್ದರ ಮ್ಯಾಲ ಬಾಸ್ಕೆಟ್‌ಬಾಲ್ ಅದ. ಅಸಲಿ ಸಿಗಲಿ, ನಿಮ್ಮ ಛಾಪ ಯಾವ ಕಡಿ ಬೀಳ್ತದ ನೋಡೂಣು.”

ರಾವಸಾಹೇಬ ಈ ಸಲ ನಗಲಿಲ್ಲ. ಸಿಟ್ಟೂ ಆಗಲಿಲ್ಲ. ಏನನ್ನೋ ಲೆಕ್ಕ ಹಾಕುವವನ ಹಾಗೆ ಅವಳನ್ನು ನೋಡಿ, ಬಾಗಿಲಲ್ಲಿದ್ದವನಿಗೆ ಗಾಡಿ ತೆಗೆಯಲು ಸನ್ನೆ ಮಾಡಿದ.

“ಚಹಾ ಆರ್ತದ್ರಿ ಮೇಡಂ,” ಎಂದ.

ಅವನ ಮುಖ ಬಿದ್ದದ್ದು ನೋಡಿದ ಖುಷಿಯಲ್ಲಿ ನಲಿನಿ ಆ ಸನ್ನೆಯನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಬೀದರಿನ ದಾರಿಯಲ್ಲಿ ಅವಳು ಎಲ್ಲವನ್ನೂ ಜೋಡಿಸಿದಳು. ರಾವಸಾಹೇಬನಿಗೆ ಚಾಂಪಿಯನ್ ಎಂಬ ಗುರುತು ಬೇಕು. ಅಸಲಿ ಶೀಲ್ಡಿನ ಮೇಲೆ ಅವನ ತಂಡದ ಹೆಸರು ಇದ್ದಿರಲಿಕ್ಕಿಲ್ಲ. ಆದ್ದರಿಂದ ಹೆಸರಿರುವ ನಕಲಿ ಮಾಡಿಸಿದ. ಸುಮ್ಮನೆ ಅದಲುಬದಲು ಮಾಡಿದ್ದರೆ, ನಿನ್ನೆ ಇಲ್ಲದ ಹೆಸರು ಇವತ್ತು ಎಲ್ಲಿಂದ ಬಂತೆಂದು ಯಾರಾದರೂ ಕೇಳಿಯಾರು. ಕಳೆದು ಸಿಕ್ಕಿದ ವಸ್ತುವನ್ನು ಯಾರೂ ಪ್ರಶ್ನಿಸುವುದಿಲ್ಲ, ಹಾರ ಹಾಕುತ್ತಾರೆ. ಹುಡುಕಿಕೊಟ್ಟವನಿಗೂ ಹಾರ ಹಾಕುತ್ತಾರೆ.

ಮಾಡಿಕೊಟ್ಟವನು ಯಾರು? ಬದ್ರೋದ್ದೀನನ ತಂತಿಕೆಲಸವನ್ನು ಕೂದಲೆಳೆಯಷ್ಟೂ ತಪ್ಪದ ಹಾಗೆ ಮಾಡಬಲ್ಲ ಕೈ ಬೀದರಿನಲ್ಲಿ ಬದ್ರೋದ್ದೀನನದು ಮಾತ್ರ. ಪ್ರಶಸ್ತಿ ಪಡೆದ ಉಸ್ತಾದ. ತನ್ನ ಹಳೆಯ ತಪ್ಪನ್ನು ಎಲ್ಲಿಯೋ ತಿಳಿದುಕೊಂಡಿರಬೇಕು. ಇನ್ನೊಂದು ಶೀಲ್ಡು ಮಾಡುವ ಅವಕಾಶ ಸಿಕ್ಕಾಗ ಜಂಬ ತಡೆಯಲಾರದೆ ಚೆಂಡನ್ನು ಸರಿಮಾಡಿಬಿಟ್ಟ. ಈಗ ಬಾಯಿಗೆ ಬೀಗ ಹಾಕಿಕೊಂಡು, ಮಗನನ್ನು ಚೌಕಿಯ ಬೆಂಚಿನ ಮೇಲೆ ಬಿಟ್ಟು, ಮನೆಯಲ್ಲಿ ಕೂತಿದ್ದಾನೆ. ಥೂ, ಇವನೂ ಒಬ್ಬ ತಂದೆಯೇ?

ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಕಾರ್ಖಾನೆ ಮುಂದೆ, ಮನೆ ಹಿಂದೆ. ಬದ್ರೋದ್ದೀನ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನ ಹಿಂದೆ ಗೋಡೆಯ ತುಂಬ ಸನ್ಮಾನದ ಫೋಟೋಗಳು. ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿ, “ಕೌನ್?” ಎಂದ.

“ನಾ ನಲಿನಿ, ಚಾಚಾ. ನಿಮ್ಮ ಮಗನ್ನ ನೋಡಿ ಬಂದೆ. ನಿಮಗ ಹೋಗಾಕ ಪುರಸತ್ತಿಲ್ಲ ಕಾಣ್ತದ.”

ಅನ್ವರಿ ಬೇಗಂ ಒಳಗಿನ ಬಾಗಿಲಿಗೆ ಬಂದು ನಿಂತಳು. “ಹ್ಯಾಂಗದಾನ್ರಿ ನನ್ನ ಮಗಾ? ಊಟ ಕೊಟ್ಟಾರೇನ್ರಿ?”

“ಆರಾಮ ಅದಾನ ಖಾಲಾ. ನಾಳಿಗಿ ಜೈಲಿಗಿ ಹೋಗ್ತಾನ. ಯಾಕಂದ್ರ ನಿಮ್ಮ ಮನಿಯವರು ತಮ್ಮ ಮಾನ ಉಳಿಸ್ಕೋಬೇಕಾಗ್ಯದ.”

“ಏನು ಮಾತಾಡ್ತೀರಿ ನೀವು?” ಎಂದ ಬದ್ರೋದ್ದೀನ. ದನಿ ತಣ್ಣಗಿತ್ತು.

“ನಕಲಿ ಶೀಲ್ಡ್ ಮಾಡಿದವರು ನೀವು. ರಾವಸಾಹೇಬ ಮಾಡಿಸ್ಯಾನ. ಆ ಚೆಂಡು ನೋಡೇನಿ ನಾ. ನಕಲಿಯೊಳಗ ಬರೋಬರಿ ತಿದ್ದೀರಿ. ತಿದ್ದಾಕ ಬಂತು, ಪೊಲೀಸರಿಗಿ ಹೋಗಿ ಖರೆ ಹೇಳಾಕ ಬರಲಿಲ್ಲ. ಗ್ವಾಡಿ ಮ್ಯಾಲ ಇಷ್ಟು ಶಾಲಿನ ಫೋಟೋ ಅವ. ಒಂದು ಶಾಲು ಆ ಹುಡುಗಗ ಹೊದಸ್ರಿ, ಚೌಕಿಯಾಗ ಸೊಳ್ಳಿ ಭಾಳ ಅವ.”

“ನಾ ಮಾಡಿಲ್ಲ.”

“ನೋಡ್ರಿ ಹಂಗಾರ. ನೋಡಿ ಹೇಳ್ರಿ, ಇದು ನಿಮ್ಮ ಕೈ ಅಲ್ಲಂತ.”

ಚೌಕಿಯಲ್ಲಿ ತೆಗೆದ ಫೋಟೋ ತೆರೆದು ಫೋನನ್ನು ಅವನ ಕೈಗೆ ತುರುಕಿದಳು. ಬದ್ರೋದ್ದೀನ ಅದನ್ನು ಮುಖದ ಮುಂದೆ ಹಿಡಿದ. ಗಡ್ಡ ನೀವಿಕೊಂಡ. ತಲೆ ಆ ಕಡೆ ಈ ಕಡೆ ಒಲೆದು ಬಹಳ ಹೊತ್ತು ನೋಡಿದ.

“ಚಲೋ ಕೆಲಸ ಅದ,” ಎಂದ. “ಆದರ ನನ್ನ ಕೈ ಅಲ್ಲ.”

ಫೋನು ತಲೆಕೆಳಗಾಗಿತ್ತು. ಪರದೆ ಎಂದೋ ಆರಿಹೋಗಿತ್ತು.

ನಲಿನಿ ಅನ್ವರಿ ಬೇಗಂ ಕಡೆ ನೋಡಿದಳು. ಅನ್ವರಿ ಬೇಗಂ ದುಪಟ್ಟಾದ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಎಷ್ಟು ದಿನ ಆತ್ರಿ ಚಾಚಾ?”

ಬದ್ರೋದ್ದೀನ ಫೋನನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. “ಪೂರಾ ಹೋಗಿ ಮೂರು ವರ್ಷ ಆತು. ಆ ಗ್ವಾಡಿ ಮ್ಯಾಲಿನ ಕೊನೀ ಶಾಲು ಹೊದಿಸಿದಾಗ ಹೊದಿಸಿದವರ ಮುಖ ನನಗ ಕಂಡಿಲ್ಲ. ಕುರುಡ ಉಸ್ತಾದನ ಕಡಿ ಕೆಲಸ ಯಾರು ಕೊಡ್ತಾರ್ರಿ? ಅದಕ್ಕ ಹೊರಗ ಹೇಳಿಲ್ಲ. ಕೆಲಸ ಎಲ್ಲಾ ಅವನೇ ಮಾಡ್ತಾನ. ಹೆಸರು ನಂದು, ಕೈ ಅವನದು.”

“ಇಮ್ರಾನಂದು?”

“ಮತ್ತಾರದು?” ಮುದುಕ ಅವಳ ದನಿಯ ಕಡೆ ಮುಖ ತಿರುಗಿಸಿದ. ಆಮೇಲೆ ಕೇಳಿದ: “ಚೆಂಡು ತಿದ್ದೀರಿ ಅಂದ್ರಿ. ತಪ್ಪಿತ್ತೇನ್ರಿ ನನ್ನ ಚೆಂಡು?”

ನಲಿನಿ ಕಟ್ಟೆಯ ಅಂಚಿಗೆ ಕೂತಳು.

“ಚೆಂಡಿನ ಚಿತ್ರ ಕೊಡ್ರಿ ಅಂದ್ರ ಲೀಗಿನವರು ಯಾವುದರೆ ಚೆಂಡು ಹಾಕ್ರಿ ಅಂದಿದ್ರು. ಗಲ್ಲಿಯಾಗ ಹುಡುಗರು ಒದೀತಿದ್ದ ಚೆಂಡು ತಂದು, ಎದುರಿಗಿಟ್ಟು ತಗದೆ. ಇಷ್ಟು ವರ್ಷ ಬಂದು ಹೋದ್ರು. ಒಬ್ಬರೂ ಹೇಳಲಿಲ್ಲ ನೋಡ್ರಿ.”

ಈ ಮುದುಕನ ಮೇಲೆ ಅರ್ಧ ದಾರಿಯುದ್ದಕ್ಕೂ ಉಗುಳುತ್ತ ಬಂದದ್ದಕ್ಕೆ ನಲಿನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಪಡುತ್ತ ಕೂರುವ ಹೊತ್ತು ಅದಲ್ಲ.

“ಹನ್ನೆರಡನೇ ಇಸ್ವಿ ಹೆಸರು ಯಾರದು ಹಾಕಿದ್ರಿ ಚಾಚಾ?”

“ಯಾರದೂ ಇಲ್ಲ. ಫೈನಲ್ ನಡೆದಾಗ ಲೈಟು ಹೋಗಿ ಆಟ ನಿಂತು, ಜಗಳ ಆತಂತ. ಆಮ್ಯಾಲ ಆಡಸ್ತೇವಿ, ಜಾಗಾ ಬಿಡ್ರಿ ಅಂದ್ರು. ಬಿಟ್ಟೆ. ಮುಂದ ಆಡಸಲೇ ಇಲ್ಲ. ಆ ಜಾಗಾ ಹಂಗೇ ಖಾಲಿ ಅದ.”

ಆ ವರ್ಷ ಗೆದ್ದವರೇ ಇರಲಿಲ್ಲ. ಊರು ಮೆರೆಸಿದ್ದು ಆರಿಹೋದ ದೀಪಗಳ ಫೈನಲನ್ನು.

ಈಗ ಉಳಿದದ್ದೂ ಸ್ಪಷ್ಟವಾಯಿತು. ಚೆಂಡನ್ನು ತಿದ್ದಿದ ಕೈ ಜಂಬದ್ದಲ್ಲ, ಆಟ ಬಲ್ಲವನದು. ಬೆಂಚಿಗೆ ಸಾಲದ ಆ ಕಾಲುಗಳು ಅವಳ ಕಣ್ಣ ಮುಂದೆ ಬಂದವು.

“ಇಮ್ರಾನ ಬಾಸ್ಕೆಟ್‌ಬಾಲ್ ಆಡ್ತಾನೇನ್ರಿ ಖಾಲಾ?”

“ಸಾಲಿಯಿಂದನೂ ಆಡ್ತಾನ್ರಿ,” ಎಂದಳು ಅನ್ವರಿ ಬೇಗಂ. “ರಾವಸಾಹೇಬ್ರು ಭಾಲ್ಕಿಯಾಗ ಅಕಾಡೆಮಿ ತಗೀತಾರಂತ, ಕೋಚ್ ಮಾಡ್ತೇನಿ ಅಂದಾರಂತ. ಅದೇ ಆಸೆ ಅವನಿಗಿ.”

ಇಮ್ರಾನನನ್ನು ಉಳಿಸಲು ನಲಿನಿ ಹುಡುಕಿದ ಪುರಾವೆ ಇಮ್ರಾನನ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು. ಮಾಡಿದವನು ಅವನು. ಮಾಡಿಸಿದವನ ಹೆಸರು ಹೇಳಬಲ್ಲವನೂ ಅವನೊಬ್ಬನೇ. ಆ ಮಾಡಿಸಿದವನ ಸೋಫಾದ ಮೇಲೆ ಕೂತು, ನಿನ್ನ ಗುಟ್ಟು ಗೊತ್ತಾಗಿದೆ ಎಂದು ಹೇಳಿ ಬಂದವಳು ಇವಳು.

ಫೋನು ತೆಗೆದು ಚೌಕಿಗೆ ಹಚ್ಚಿದಳು.

“ಓಂಪ್ರಕಾಶ್, ಇಮ್ರಾನನ ಕಡಿ ಯಾರನ್ನೂ ಬಿಡಬ್ಯಾಡ್ರಿ. ರಾವಸಾಹೇಬನ ಮಂದಿ ಬಂದ್ರ…”

“ಬಂದು ಹೋದ್ರಲ್ಲರಿ ಮೇಡಂ! ಅರೆಸ್ಟ್ ಇನ್ನೂ ಬರದಿರಲಿಲ್ಲ. ರಾವಸಾಹೇಬ್ರೇ ಹೊಣಿ ತಗೊಂಡು ಕರ್ಕೊಂಡು ಹೋದ್ರು. ಹುಡುಗ ಒಲ್ಲೆ ಅಂದಾ. ನಿಮ್ಮ ಹೆಸರು ಹೇಳಿದ ಮ್ಯಾಲ ಗಾಡಿ ಹತ್ತಿದ.”

“ನನ್ನ ಹೆಸರು?”

“ಹೌದ್ರಿ. ಮೇಡಂ ನಮ್ಮ ಮನಿಗಿ ಬಂದಿದ್ರು, ಅವರೇ ಕಳಿಸ್ಯಾರ ಅಂದ್ರು. ನೀವು ಅವರ ಮನಿಗಿ ಹೋಗಿದ್ದು ಖರೆ ಅಲ್ಲೇನ್ರಿ?”

ನಲಿನಿ ಕಟ್ ಮಾಡಿ ಇಮ್ರಾನನ ನಂಬರಿಗೆ ಹಚ್ಚಿದಳು. ರಿಂಗಾಗತೊಡಗಿತು. ಬದ್ರೋದ್ದೀನ ಕೈ ಚಾಚಿ ಅವಳ ತೋಳು ಹುಡುಕಿ ಹಿಡಿದ. “ಜೋರಾಗಿ ಹಚ್ರಿ. ನನ್ನ ಮಗನ ದನಿ ಕೇಳಬೇಕು.”

ಅವಳು ಸ್ಪೀಕರ್ ಒತ್ತಿದಳು.

“ಹೇಳ್ರಿ ಮೇಡಂ,” ಎಂದಿತು ರಾವಸಾಹೇಬನ ದನಿ. “ಫೋನ್ ಬರ್ತದ ಅಂತ ಗೊತ್ತಿತ್ತು.”

“ಹುಡುಗ ಎಲ್ಲಿ?”

“ಖಟಕ ಚಿಂಚೋಳಿಯಾಗ ನಮ್ಮ ಹೊಲದಾಗ ಅದಾನ. ಬಾವಿ ಕಟ್ಟಿ ಮ್ಯಾಲ ಕೂತಾನ. ಈಜು ಬರ್ತದೋ ಇಲ್ಲೋ, ನಾ ಕೇಳಿಲ್ಲ.”

ಅನ್ವರಿ ಬೇಗಂ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನಿಮಗ ಏನು ಬೇಕು?”

“ಅಸಲಿ ಬೇಕು. ಕಾರಂಜಾ ಡ್ಯಾಮಿನಾಗ ಒಗೀ ಅಂತ ಹೇಳಿದ್ದೆ. ಒಗದೀನಿ ಅಂದಿದ್ದ. ನೀವು ಬಂದು ‘ಅಸಲಿ ಸಿಗಲಿ’ ಅಂದ್ರಲ್ಲ, ಆವಾಗ ಡೌಟ್ ಬಂತು. ಈಗ ಕೇಳಿದ್ರ, ಅಪ್ಪನ ಕೈಕೆಲಸ ಒಗ್ಯಾಕ ಮನಸ್ಸು ಬರಲಿಲ್ಲ, ಮನ್ಯಾಗೇ ಮುಚ್ಚಿಟ್ಟೀನಿ ಅಂತಾನ. ಎಂಥಾ ಮಗಾ ನೋಡ್ರಿ! ಕತ್ತಲಾಗೂದರೊಳಗ ತಗೊಂಡು ಬರ್ರಿ. ಶೀಲ್ಡ್ ಕೊಡ್ರಿ, ಹುಡುಗನ್ನ ಕರ್ಕೊಂಡು ಹೋಗ್ರಿ. ನನಗ ಅವನ ಮ್ಯಾಲ ಸಿಟ್ಟಿಲ್ಲ.”

ನಲಿನಿ ತಿರುಗಿದಳು. “ಖಾಲಾ, ಎಲ್ಲಿಟ್ಟಾನ? ಲಗೂನ ಹೇಳ್ರಿ. ಮನ್ಯಾಗೇ ಅದಂತ.”

ಅನ್ವರಿ ಬೇಗಂ ನಿಂತಲ್ಲೇ ಕುಸಿದು ಕೂತಳು.

“ಅಕ್ಕಿ ಚೀಲದ ಹಿಂದ ಇತ್ರಿ. ಸೇತುವಿ ಕೆಳಗ ಸಿಗೂಕಿಂತ ಮೊದಲೇ, ಪೊಲೀಸರು ಅವನ್ನ ಒಯ್ದ ದಿನ ನನ್ನ ಕಣ್ಣಿಗಿ ಬಿತ್ತು. ಮನಿ ತಪಾಸ ಮಾಡಾಕ ಬರ್ತಾರ, ಸಿಕ್ಕರ ನನ್ನ ಮಗಾ ಮುಗದಾ ಅಂತ ಜೀವ ಹಾರಿತು. ಮಾಲೇ ಇಲ್ಲಂದ್ರ ಕೇಸೇ ಇಲ್ಲ ಅಂತ ತಿಳಕೊಂಡೆ. ಈ ಮನಿಗಿ ಬಂದಾಗಿಂದ ಭಟ್ಟಿ ಹಚ್ಚಿದ ಕೈ ಅದ ಇದು.”

“ಏನು ಮಾಡಿದ್ರಿ ಖಾಲಾ?”

“ಬೆಳ್ಳಿ ಕಿತ್ತು ತಗದೆ. ಉಳದದ್ದು ಕರಗಸಿ ಹೂದಾನಿ ಅಚ್ಚಿಗಿ ಹೊಯ್ದೆ.” ಅವಳ ಬೆರಳು ಕಾರ್ಖಾನೆಯ ಮೂಲೆಯ ಹಲಗೆಯ ಕಡೆ ತಿರುಗಿತು. ಅಲ್ಲಿ ಇನ್ನೂ ಕಪ್ಪು ಬರಿಸದ, ಬೂದು ಬಣ್ಣದ ಸಣ್ಣ ಹೂದಾನಿಗಳು ಸಾಲಾಗಿ ನಿಂತಿದ್ದವು. “ಅವೇ ನೋಡ್ರಿ.”

ಬದ್ರೋದ್ದೀನ ನಲಿನಿಯ ತೋಳನ್ನು ಬಿಟ್ಟ.

ಆಗ ನಲಿನಿಗೆ ತನ್ನ ಕೈಯಲ್ಲಿದ್ದ ಫೋನಿನ ನೆನಪಾಯಿತು. ಪರದೆ ಬೆಳಗುತ್ತಿತ್ತು. ಕರೆ ನಡೆದೇ ಇತ್ತು, ಸ್ಪೀಕರ್ ಹಚ್ಚಿದ್ದು ಹಚ್ಚಿದಂತೆಯೇ ಇತ್ತು.

“ಕೇಳಿದೆ ಮೇಡಂ,” ಎಂದ ರಾವಸಾಹೇಬ. ದನಿಯಲ್ಲಿ ನಿರಾಳ ಇತ್ತು. “ಹಂಗಾರ ಇನ್ನ ಸಾಕ್ಷಿಗಿ ಉಳದದ್ದು ಈ ಹುಡುಗ ಒಬ್ಬನೇ. ನೀವು ಬರೂದು ಬ್ಯಾಡ ಬಿಡ್ರಿ.”

ಫೋನು ಕಟ್ಟಾಯಿತು.